ಪೂಜ್ಯ ಮಾತೆ ವೆರೋನಿಕಾ: ಫಲ ಕಾಣದೆ ಬಿತ್ತಿದ ಶಿಕ್ಷಕಿ



ದೇವಾಲಯವೊಂದರ ನೂರು ವರ್ಷಗಳ ಚರಿತ್ರೆಯನ್ನು ಬರೆಯಲು ಕುಳಿತವರ ಕೈಗೆ ಮೊದಲು ಸಿಗುವುದು ಕಟ್ಟಡದ ಕಥೆ. ಅಡಿಗಲ್ಲು ಇಟ್ಟವರು ಯಾರು, ಗಂಟೆ ತೂಗುಹಾಕಿದ್ದು ಯಾವಾಗ, ಪೀಠಕ್ಕೆ ಯಾರು ದಾನ ಕೊಟ್ಟರು ಎಂಬುದೆಲ್ಲ ದಫ್ತರಗಳಲ್ಲಿ ದೊರೆಯುತ್ತದೆ. ಆದರೆ ಸಂಜೆಯ ಹೊತ್ತು ಮಕ್ಕಳನ್ನು ಸಾಲಾಗಿ ಕೂರಿಸಿ ಜಪಗಳನ್ನು ಬಾಯಿಪಾಠ ಮಾಡಿಸಿದವರ ಹೆಸರು, ಸ್ಲೇಟಿನ ಮೇಲೆ ಅ ಆ ಇ ಈ ತಿದ್ದಿಸಿದವರ ಹೆಸರು ಯಾವ ಶಿಲಾಫಲಕದಲ್ಲಿಯೂ ಸಿಗುವುದಿಲ್ಲ. ನಮ್ಮ ಸಾರಕ್ಕಿ ಬೆಂಗಳೂರಿನ ಹೊರಗಿನ ಒಂದು ಹಳ್ಳಿಯಾಗಿದ್ದ ದಿನಗಳಿಂದ ಹಿಡಿದು, ಕೆರೆಯ ಸುತ್ತಲಿನ ಹೊಲ ತೋಟಗಳು ಜಯಪ್ರಕಾಶ ನಗರದ ಬಡಾವಣೆಗಳಾಗಿ ಮಾರ್ಪಟ್ಟ ಇಂದಿನವರೆಗೆ, ನಮ್ಮ ವಿಶ್ವಾಸವನ್ನು ತಲೆಮಾರಿನಿಂದ ತಲೆಮಾರಿಗೆ ದಾಟಿಸಿದವರಲ್ಲಿ ಈ ಹೆಸರಿಲ್ಲದ ಶಿಕ್ಷಕ ಶಿಕ್ಷಕಿಯರ ಪಾಲು ದೊಡ್ಡದು.

ಭಾನುವಾರದ ದಿವ್ಯ ಬಲಿಪೂಜೆಗೆ ಬರುವ ನಮ್ಮ ಭಕ್ತಾದಿಗಳಲ್ಲಿ ಇಂದಿಗೂ ಶಿಕ್ಷಕರು ಅನೇಕರಿದ್ದಾರೆ. ಅವರ ಬೇಸರಗಳು ಗುರುಗಳಾದ ನಮಗೆ ಅಪರಿಚಿತವಲ್ಲ. ಅರವತ್ತು ಮಕ್ಕಳ ತರಗತಿ, ರಾತ್ರಿ ಹನ್ನೊಂದಾದರೂ ಮುಗಿಯದ ಉತ್ತರಪತ್ರಿಕೆಗಳ ಕಟ್ಟು, ಅಂಕ ಕಡಿಮೆಯಾಯಿತೆಂದು ಜಗಳಕ್ಕೆ ಬರುವ ಪೋಷಕರು, ತಡವಾಗಿ ಕೈಸೇರುವ ಸಂಬಳ, ಪಾಠ ಬಿಟ್ಟು ಹೋಗಬೇಕಾದ ಚುನಾವಣಾ ಕರ್ತವ್ಯ ಇವು ಮೇಲೆ ಕಾಣುವ ಬೇಸರಗಳು. ಇವುಗಳ ಕೆಳಗೆ ಇನ್ನೊಂದು ಆಳವಾದ ನೋವಿದೆ. ಇಷ್ಟೆಲ್ಲ ದುಡಿದು ನಾನು ಏನು ಸಾಧಿಸಿದೆ, ಕಲಿಸಿದ್ದು ಯಾರ ಮನಸ್ಸಿನಲ್ಲಾದರೂ ಉಳಿಯಿತೇ ಎಂಬ ಪ್ರಶ್ನೆ ಅದು. ಬಡಗಿಯು ಸಂಜೆಯ ವೇಳೆಗೆ ತಾನು ಮಾಡಿದ ಬಾಗಿಲನ್ನು ನೋಡಬಹುದು. ಶಿಕ್ಷಕನಿಗೆ ಆ ಭಾಗ್ಯವಿಲ್ಲ. ಈ ಪ್ರಶ್ನೆಯನ್ನು ಹೊತ್ತು ನಡೆದ ಒಬ್ಬ ಶಿಕ್ಷಕಿಯ ಬದುಕನ್ನು ಈ ಸ್ಮರಣ ಸಂಚಿಕೆಯಲ್ಲಿ ನಮ್ಮ ಶಿಕ್ಷಕರ ಮುಂದಿಡಲು ಬಯಸುತ್ತೇನೆ. ನಮ್ಮ ನಾಡಿನ ಸಾವಿರಾರು ಹೆಣ್ಣುಮಕ್ಕಳ ವಿದ್ಯೆಗೆ ಕಾರಣರಾದ, ಆದರೆ ಆ ಶಾಲೆಗಳ ಹೊಸ್ತಿಲನ್ನು ಸ್ವತಃ ಕಾಣದ ಮಾತೆ ವೆರೋನಿಕಾ ಅವರೇ ಆ ಶಿಕ್ಷಕಿ.

ಬಾಲ್ಯ ಮತ್ತು ಕರೆ

ಅವರ ಜನ್ಮನಾಮ ಸೋಫಿ ಲೀವ್ಸ್. ಇಂದು ಇಸ್ತಾಂಬುಲ್ ಎನಿಸಿಕೊಂಡಿರುವ ಕಾನ್‌ಸ್ಟಾಂಟಿನೋಪಲ್ ನಗರದಲ್ಲಿ 1823ರ ಅಕ್ಟೋಬರ್ 1ರಂದು ಆಕೆ ಜನಿಸಿದಳು. ತಂದೆ ಹೆನ್ರಿ ಡೇನಿಯಲ್ ಲೀವ್ಸ್ ಆಂಗ್ಲಿಕನ್ ಸಭೆಯ ಪಾದ್ರಿಗಳು, ಬೈಬಲ್ ಸೊಸೈಟಿಯ ಪ್ರತಿನಿಧಿಗಳು. ಪವಿತ್ರ ಗ್ರಂಥವನ್ನು ಜನರಾಡುವ ಹೊಸ ಗ್ರೀಕ್ ಭಾಷೆಗೆ ತರುವ ಕೆಲಸದಲ್ಲಿ ಅವರು ಬಹುಕಾಲ ತೊಡಗಿದ್ದರು. ಅದೇ 1820ರ ದಶಕದಲ್ಲಿ ನಮ್ಮ ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಮೊದಲಾದ ಮಿಷನರಿಗಳು ಕನ್ನಡ ಬೈಬಲಿನ ಅನುವಾದದಲ್ಲಿ ನಿರತರಾಗಿದ್ದರೆಂಬುದನ್ನು ಇಲ್ಲಿ ನೆನೆಯಬಹುದು. ಮುಂದೆ ಈ ಕುಟುಂಬ ಅಥೆನ್ಸ್ ನಗರಕ್ಕೆ ಬಂದು ನೆಲೆಸಿತು. ಹಲವು ಭಾಷೆಗಳು ಕಿವಿಗೆ ಬೀಳುವ, ಪುಸ್ತಕ ಪ್ರಾರ್ಥನೆಗಳ ವಾತಾವರಣವಿದ್ದ ಮನೆಯಲ್ಲಿ ಸೋಫಿ ಬೆಳೆದಳು. 1845ರಲ್ಲಿ ತಂದೆ ತೀರಿಕೊಂಡರು. ಆಗ ಆಕೆಗೆ ಇಪ್ಪತ್ತೊಂದರ ಪ್ರಾಯ.

ಸೋಫಿಯನ್ನು ಕಥೋಲಿಕ ಧರ್ಮಸಭೆಯತ್ತ ಸೆಳೆದದ್ದು ಪರಮಪ್ರಸಾದ. ಪ್ರಭು ಯೇಸು ಆ ಸಂಸ್ಕಾರದಲ್ಲಿ ನಿಜವಾಗಿಯೂ ಉಪಸ್ಥಿತರಿದ್ದಾರೆಂಬ ವಿಶ್ವಾಸ ಆಕೆಯಲ್ಲಿ ಬಲಿಯಿತು. 1850ರಲ್ಲಿ ಮಾಲ್ಟಾ ದ್ವೀಪದಲ್ಲಿದ್ದಾಗ ಆಕೆ ಕಥೋಲಿಕ ಧರ್ಮಸಭೆಯನ್ನು ಸೇರಿದಳು. ನೌಕಾಪಡೆಯ ಅಧಿಕಾರಿಯೊಬ್ಬರೊಡನೆ ನಿಶ್ಚಯವಾಗಿದ್ದ ವಿವಾಹವನ್ನೂ ತ್ಯಜಿಸಿದಳು. ಪಾದ್ರಿಯ ಮಗಳಾಗಿ ಹುಟ್ಟಿ, ತಂದೆ ಆಯುಷ್ಯವೆಲ್ಲ ಸೇವೆ ಮಾಡಿದ ಸಭೆಯನ್ನು ಬಿಟ್ಟು ಬರುವುದು ಎಂಥ ಕಠಿಣ ನಿರ್ಧಾರವೆಂಬುದನ್ನು ನಾವು ಊಹಿಸಬಹುದು. ಅಂದಿನಿಂದ ಮೊದಲ್ಗೊಂಡು, ಕೈಯಲ್ಲಿದ್ದುದನ್ನು ಬಿಟ್ಟು ಮುಂದೆ ನಡೆಯುವುದೇ ಆಕೆಯ ಬಾಳಿನ ರೀತಿಯಾಯಿತು.

ಫ್ರಾನ್ಸಿನ ಎಮಿಲಿ ದ ವಿಯಾಲಾರ್ ಅವರು 1832ರಲ್ಲಿ ಸ್ಥಾಪಿಸಿದ್ದ ಸಂತ ಜೋಸೆಫರ ದರ್ಶನದ ಸಿಸ್ಟರುಗಳ ಸಭೆಯನ್ನು ಸೋಫಿ ಸೇರಿದಳು. ಶಾಲೆ, ಆಸ್ಪತ್ರೆ, ಬಡವರ ಶುಶ್ರೂಷೆ ಆ ಸಭೆಯ ಕಾರ್ಯಗಳಾಗಿದ್ದವು. ಅಲ್ಲಿ ಆಕೆಗೆ ದೊರೆತ ಹೆಸರು ಯಾತನೆಯ ವೆರೋನಿಕಾ. ಶಿಲುಬೆ ಹೊತ್ತು ನಡೆಯುತ್ತಿದ್ದ ಪ್ರಭುವಿನ ಮುಖವನ್ನು ವಸ್ತ್ರದಿಂದ ಒರೆಸಿದ ಆ ತಾಯಿಯ ಹೆಸರನ್ನು ಹೊತ್ತ ಈ ಸಿಸ್ಟರ್, ಮುಂದಿನ ವರ್ಷಗಳನ್ನು ತರಗತಿಯ ಕೋಣೆಗಳಲ್ಲಿ ಕಳೆದರು.

ಕಲ್ಲಿಕೋಟೆಯ ಶಾಲೆ

1862ರಲ್ಲಿ ಅವರನ್ನು ಭಾರತಕ್ಕೆ ಕಳುಹಿಸಲಾಯಿತು. ಬಂದದ್ದು ಕಲ್ಲಿಕೋಟೆಗೆ. ಅಂದಿನ ಮದ್ರಾಸ್ ಪ್ರಾಂತ್ಯದ ಮಲಬಾರ್ ಜಿಲ್ಲೆಯ ಆ ಊರು ಆ ಕಾಲದಲ್ಲಿ ಮಂಗಳೂರಿನ ಧರ್ಮಪ್ರಾಂತ್ಯದ ಆಡಳಿತಕ್ಕೆ ಸೇರಿತ್ತು. ಕಲ್ಲಿಕೋಟೆ ಪ್ರತ್ಯೇಕ ಧರ್ಮಪ್ರಾಂತ್ಯವಾದದ್ದು 1923ರಲ್ಲಿ. 1854ರ ವುಡ್ ಅವರ ಶಿಕ್ಷಣ ಶಾಸನಪತ್ರದ ನಂತರ ಖಾಸಗಿ ಶಾಲೆಗಳಿಗೆ ಸರ್ಕಾರದ ಸಹಾಯಧನ ದೊರೆಯುವ ವ್ಯವಸ್ಥೆಯಾಗಿ, ಎಲ್ಲೆಡೆ ಹೊಸ ಶಾಲೆಗಳು ಹುಟ್ಟುತ್ತಿದ್ದ ಕಾಲವದು. ಆದರೆ ಹುಟ್ಟುತ್ತಿದ್ದವುಗಳಲ್ಲಿ ಹುಡುಗರ ಶಾಲೆಗಳೇ ಹೆಚ್ಚು. ಹೆಣ್ಣುಮಗು ಓದಬೇಕೆಂಬ ಆಲೋಚನೆಗೆ ಮನೆಗಳಲ್ಲಿ ಇನ್ನೂ ಸ್ಥಳವಿರಲಿಲ್ಲ.

ಮಾತೆ ವೆರೋನಿಕಾ ಕಲ್ಲಿಕೋಟೆಯಲ್ಲಿ ಹೆಣ್ಣುಮಕ್ಕಳ ಶಾಲೆಯನ್ನು ಆರಂಭಿಸಿದರು. ಸಂತ ಜೋಸೆಫರ ಹೆಸರಿನ ಆ ಶಾಲೆ ಇಂದಿಗೂ ನಡೆಯುತ್ತಿದೆ. ಪರಭಾಷೆ, ಕರಾವಳಿಯ ಮಳೆಗಾಲ, ಬೆರಳೆಣಿಕೆಯ ಸಹಾಯಕರು ಇವುಗಳ ನಡುವೆ ಶಾಲೆ ನಡೆಸುವುದೆಂದರೆ ಏನೆಂದು ನಮ್ಮ ಶಿಕ್ಷಕರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆದರೂ ಅವರಿಗೆ ಅಲ್ಲಿ ನೆಲೆಯೂರಲು ಅವಕಾಶ ದೊರೆಯಲಿಲ್ಲ. ಕೆಲವೇ ವರ್ಷಗಳಲ್ಲಿ ಅವರು ಫ್ರಾನ್ಸಿಗೆ ಹಿಂದಿರುಗಿದರು. ತಾವು ಅಕ್ಷರ ಕಲಿಸಿದ ಹುಡುಗಿಯರು ಬೆಳೆದು ದೊಡ್ಡವರಾಗುವುದನ್ನು ಕಾಣುವುದು ಅವರ ಪಾಲಿಗೆ ಬರಲಿಲ್ಲ.

ಎರಡು ಹಂಬಲಗಳ ನಡುವೆ

ಅವರ ಅಂತರಂಗದಲ್ಲಿ ಬಹುಕಾಲದಿಂದ ಒಂದು ಹೋರಾಟ ನಡೆದಿತ್ತು. ಅವರ ಮನಸ್ಸು ಕಾರ್ಮೆಲ್ ಮಠದ ಏಕಾಂತವನ್ನು ಬಯಸುತ್ತಿತ್ತು. ಹದಿನಾರನೆಯ ಶತಮಾನದಲ್ಲಿ ಆವಿಲಾದ ಸಂತ ತೆರೇಸಾ ಅವರಿಂದ ಸುಧಾರಣೆಗೊಂಡ ಆ ಮಠಗಳಲ್ಲಿ ಸಿಸ್ಟರುಗಳು ಹೊರಜಗತ್ತಿನಿಂದ ದೂರವಿದ್ದು ಮೌನ, ಪ್ರಾರ್ಥನೆಗಳಲ್ಲಿ ಬಾಳುತ್ತಾರೆ. ಇತ್ತ ಅವರ ಕೈಗೆ ಒಪ್ಪಿಸಲಾಗಿದ್ದ ಕೆಲಸವೋ ಶಾಲೆಯದು: ಗಂಟೆ, ಗದ್ದಲ, ಲೆಕ್ಕಪತ್ರ, ಅತ್ತು ಹಟಮಾಡುವ ಮಕ್ಕಳು. ಪ್ರಾರ್ಥನೆಗೆ ಕುಳಿತರೆ ಶಾಲೆ ಕರೆಯುತ್ತದೆ, ಶಾಲೆಯಲ್ಲಿ ನಿಂತರೆ ಪ್ರಾರ್ಥನೆ ಕರೆಯುತ್ತದೆ. ಈ ಸಂಕಟ ಬರಿಯ ಸನ್ಯಾಸಿನಿಯರದೆಂದು ಯಾರೂ ಭಾವಿಸಬೇಕಾಗಿಲ್ಲ. ಬೆಳಗಿನ ಪೂಜೆಗೆ ಬರಬೇಕೆಂದು ಆಸೆಪಟ್ಟೂ, ಮಕ್ಕಳ ಬುತ್ತಿ ಕಟ್ಟಿ, ಬಸ್ಸು ಹಿಡಿದು ಶಾಲೆಗೆ ಓಡುವ ನಮ್ಮ ಶಿಕ್ಷಕಿಯರಿಗೆ ಇದು ದಿನನಿತ್ಯದ ಅನುಭವ.

ಆ ಕಾಲಕ್ಕೆ ನಮ್ಮ ಪಶ್ಚಿಮ ಕರಾವಳಿಯಲ್ಲಿ ಸೇವೆ ಸಲ್ಲಿಸುತ್ತಿದ್ದ ಫ್ರೆಂಚ್ ಕಾರ್ಮೆಲ್ ಗುರು ಮರೀ ಎಫ್ರೆಂ ಅವರ ಮನಸ್ಸಿನಲ್ಲಿ ಒಂದು ಯೋಜನೆಯಿತ್ತು. ಮಂಗಳೂರಿನ ಹೆಣ್ಣುಮಕ್ಕಳಿಗೆ ವಿದ್ಯೆ ನೀಡಲು ಕಾರ್ಮೆಲಿನ ಪ್ರಾರ್ಥನಾ ಜೀವನವನ್ನೇ ಬೇರಾಗಿಸಿಕೊಂಡ ಶಿಕ್ಷಕಿ ಸಿಸ್ಟರುಗಳು ಬೇಕೆಂಬುದು ಅವರ ಬಯಕೆ. ಏಕಾಂತಕ್ಕಾಗಿ ಹಂಬಲಿಸುತ್ತಿದ್ದ ಶಿಕ್ಷಕಿಗೆ ದೇವರು ತೋರಿದ ದಾರಿ ಇದಾಗಿತ್ತು. ಎರಡು ಹಂಬಲಗಳಲ್ಲಿ ಒಂದನ್ನು ಕತ್ತರಿಸಿ ಹಾಕೆಂದು ಆತನು ಹೇಳಲಿಲ್ಲ. ಎರಡನ್ನೂ ಕೂಡಿಸಿ ಒಂದು ಮನೆ ಕಟ್ಟುವ ಭಾರವನ್ನು ಹೊರಿಸಿದನು. 1867ರಲ್ಲಿ ಮಾತೆ ವೆರೋನಿಕಾ ಅವರು ಹದಿನೈದು ವರ್ಷಗಳಿಗೂ ಮೀರಿ ತಮ್ಮದಾಗಿದ್ದ ಸಭೆಯನ್ನು ಬಿಟ್ಟು, ಫ್ರಾನ್ಸಿನ ದಕ್ಷಿಣದ ಪೋ ನಗರದ ಕಾರ್ಮೆಲ್ ಮಠವನ್ನು ಪ್ರವೇಶಿಸಿದರು. ಆಗ ಅವರಿಗೆ ನಲವತ್ತಮೂರು ವರ್ಷ. ಹಿರಿಯರಾಗಿ ಇತರರಿಗೆ ಮಾರ್ಗದರ್ಶನ ನೀಡುತ್ತಿದ್ದವರು ಪುನಃ ಕಲಿಯುವವರ ಸಾಲಿನಲ್ಲಿ ಕುಳಿತರು.

ಮರಿಯಂ ಎಂಬ ಶಿಷ್ಯೆ

ಪೋ ಮಠವನ್ನು ಅವರು ಒಬ್ಬರೇ ಪ್ರವೇಶಿಸಲಿಲ್ಲ. ಅವರ ಜೊತೆಯಲ್ಲಿ ಇಪ್ಪತ್ತೊಂದು ವರ್ಷದ ಒಬ್ಬ ತರುಣಿಯಿದ್ದಳು. ಗಲಿಲೇಯದ ಇಬಿಲ್ಲಿನ್ ಎಂಬ ಹಳ್ಳಿಯಲ್ಲಿ 1846ರಲ್ಲಿ ಹುಟ್ಟಿದ ಮರಿಯಂ ಬವಾರ್ದಿ ಎಳವೆಯಲ್ಲೇ ತಂದೆತಾಯಿಯರನ್ನು ಕಳೆದುಕೊಂಡು, ಊರೂರುಗಳಲ್ಲಿ ಮನೆಗೆಲಸ ಮಾಡಿ ಬದುಕಿದವಳು. ಓದುಬರಹ ಇಲ್ಲವೆನ್ನುವಷ್ಟು, ಫ್ರೆಂಚ್ ಮಾತೂ ತಡವರಿಸುತ್ತಿತ್ತು. ಮಾರ್ಸೇಯ್ ನಗರದಲ್ಲಿ ಸಂತ ಜೋಸೆಫರ ಸಿಸ್ಟರುಗಳ ಬಳಿ ತರಬೇತಿಗೆಂದು ಸೇರಿದ್ದಳು. ಅವಳ ಪ್ರಾರ್ಥನೆಯಲ್ಲಿ ಕಾಣಿಸಿಕೊಳ್ಳುತ್ತಿದ್ದ ಅಸಾಧಾರಣ ಅನುಭವಗಳು ಹಲವರನ್ನು ಗಾಬರಿಗೊಳಿಸಿದವು. ಕೊನೆಗೆ ಅವಳು ಈ ಸಭೆಗೆ ತಕ್ಕವಳಲ್ಲವೆಂಬ ತೀರ್ಮಾನವಾಯಿತು.

ಮಾರ್ಸೇಯ್‌ನಲ್ಲಿ ಅವಳ ತರಬೇತಿಯ ಹೊಣೆ ಹೊತ್ತಿದ್ದವರು ಮಾತೆ ವೆರೋನಿಕಾ. ಎಲ್ಲರೂ ಬೇಡವೆಂದ ಶಿಷ್ಯೆಯಲ್ಲಿ ದೇವರ ಕೈಕೆಲಸವನ್ನು ಅವರು ಕಂಡರು. ಅವಳ ಪರವಾಗಿ ಪೋ ಮಠಕ್ಕೆ ಬರೆದು, ಕೈಹಿಡಿದು ಜೊತೆಯಲ್ಲೇ ಕರೆದೊಯ್ದರು. ಮರಿಯಂ ಕಾರ್ಮೆಲಿನಲ್ಲಿ ಶಿಲುಬೆಯೇಸುವಿನ ಮರಿಯಳೆಂಬ ಹೆಸರು ಪಡೆದು, ಮುಂದೆ ಮಂಗಳೂರಿಗೂ ಬಂದು, 1871ರ ನವೆಂಬರ್ 21ರಂದು ಅಲ್ಲಿಯೇ ವ್ರತಸ್ವೀಕಾರ ಮಾಡಿದಳು. ಮಂಗಳೂರಿನಲ್ಲಿಯೂ ಅವಳ ವಿಷಯದಲ್ಲಿ ಸಂಶಯಗಳೆದ್ದು 1872ರಲ್ಲಿ ಅವಳನ್ನು ಪೋ ಮಠಕ್ಕೆ ಹಿಂದೆ ಕಳುಹಿಸಲಾಯಿತು. 1875ರಲ್ಲಿ ಬೆತ್ಲೆಹೇಮಿನ ಕಾರ್ಮೆಲ್ ಸ್ಥಾಪನೆಗೆಂದು ಹೋಗಿ, 1878ರಲ್ಲಿ ಮೂವತ್ತೆರಡರ ಪ್ರಾಯದಲ್ಲಿ ಅಲ್ಲಿಯೇ ನಿಧನಹೊಂದಿದಳು. ಆ ಹುಡುಗಿಯನ್ನು ಜಗದ್ಗುರು ಫ್ರಾನ್ಸಿಸ್ ಅವರು 2015ರ ಮೇ 17ರಂದು ಸಂತಳೆಂದು ಘೋಷಿಸಿದರು.

ಪ್ರಿಯ ಶಿಕ್ಷಕರೇ, ಕೊನೆಯ ಬೆಂಚಿನಲ್ಲಿ ಕೂರುವ ಮಗುವನ್ನು ಸ್ವಲ್ಪ ನೆನಪಿಸಿಕೊಳ್ಳಿ. ಮಗ್ಗಿ ಬಾರದ, ಕಾಗುಣಿತ ತಪ್ಪುವ, ಇವನು ನಮ್ಮ ಶಾಲೆಗೆ ತಕ್ಕವನಲ್ಲ ಎಂದು ಎಲ್ಲರೂ ಕೈಬಿಟ್ಟ ಆ ಮಗುವಿನಲ್ಲಿ ಏನಿದೆಯೆಂದು ಕಾಣಲು ಒಬ್ಬರಾದರೂ ಬೇಕು. ಮಾತೆ ವೆರೋನಿಕಾ ಅಂಥವರಾಗಿದ್ದರು.

ಬಯೋನ್‌ನಿಂದ ಮಂಗಳೂರಿಗೆ

1868ರ ಜುಲೈ 16ರಂದು, ಕಾರ್ಮೆಲ್ ಮಾತೆಯ ಹಬ್ಬದ ದಿನ, ಫ್ರಾನ್ಸಿನ ಬಯೋನ್ ನಗರದಲ್ಲಿ ಅಪೊಸ್ತಲಿಕ್ ಕಾರ್ಮೆಲ್ ಸಭೆಯ ಸ್ಥಾಪನೆಯಾಯಿತು. ಅಲ್ಲಿ ಸಿಸ್ಟರುಗಳಿಗೆ ತರಬೇತಿ ನೀಡಿ ಮಂಗಳೂರಿಗೆ ಕಳುಹಿಸುವುದು ಉದ್ದೇಶ. ಇಷ್ಟರಲ್ಲಿ ಧರ್ಮಾಧ್ಯಕ್ಷರಾಗಿದ್ದ ಮರೀ ಎಫ್ರೆಂ ಅವರಿಗೆ ಮಂಗಳೂರಿನ ಹೊಣೆಯೂ ಒದಗಿತು. 1870ರಲ್ಲಿ ಧ್ಯಾನನಿಷ್ಠ ಕಾರ್ಮೆಲ್ ಸಿಸ್ಟರುಗಳೂ ಶಿಕ್ಷಕಿ ಸಿಸ್ಟರುಗಳೂ ಸಮುದ್ರ ದಾಟಿ ಹೊರಟರು. ಸೂಯೆಜ್ ಕಾಲುವೆ ತೆರೆದು ಆಗ ಇನ್ನೂ ವರ್ಷ ತುಂಬಿರಲಿಲ್ಲ. ಆ ವರ್ಷದ ಪಯಣದಲ್ಲಿ ಧ್ಯಾನನಿಷ್ಠ ಕಾರ್ಮೆಲಿನ ಮೂವರು ಸಿಸ್ಟರುಗಳು ಮಂಗಳೂರನ್ನು ಕಾಣುವ ಮೊದಲೇ ಪ್ರಾಣ ಬಿಟ್ಟರು. ಮಾತೆ ಮರೀ ದೆಸಾಂಜ್ ಅವರ ನೇತೃತ್ವದಲ್ಲಿ ಅಪೊಸ್ತಲಿಕ್ ಕಾರ್ಮೆಲಿನ ಮೊದಲ ಸಿಸ್ಟರುಗಳು 1870ರ ನವೆಂಬರ್ 19ರಂದು ಮಂಗಳೂರನ್ನು ತಲುಪಿದರು. ಸಂತ ಅನ್ನಮ್ಮನವರ ಹೆಸರಿನ ಕನ್ಯಾಮಠದಲ್ಲಿ ಅವರ ಕೆಲಸ ಆರಂಭವಾಯಿತು.

ಮಾತೆ ವೆರೋನಿಕಾ ಅವರು ಆ ಹಡಗಿನಲ್ಲಿ ಇರಲಿಲ್ಲ. ಹೊಸ ಸಿಸ್ಟರುಗಳನ್ನು ಅಣಿಗೊಳಿಸುವ ಸಲುವಾಗಿ ಅವರು ಬಯೋನ್‌ನಲ್ಲಿಯೇ ಉಳಿಯಬೇಕಾಯಿತು. ಮಕ್ಕಳನ್ನು ದೂರದ ಊರಿಗೆ ಕಳುಹಿಸಿ ಅಂಚೆಯ ದಾರಿ ಕಾಯುವ ತಾಯಿಯ ಸ್ಥಿತಿ ಅವರದಾಯಿತು.

ಮುಚ್ಚಿದ ಮನೆ

ಬಯೋನ್‌ನ ಮನೆ ಬಹುಕಾಲ ಬಾಳಲಿಲ್ಲ. 1870ರಲ್ಲಿ ಫ್ರಾನ್ಸ್ ಮತ್ತು ಪ್ರಷ್ಯಾಗಳ ನಡುವೆ ಯುದ್ಧ ಹತ್ತಿ ದೇಶವೇ ತತ್ತರಿಸಿತು. ಸಭೆಗೆ ಸೇರುವವರು ಕಡಿಮೆಯಾದರು, ಆಸರೆಯೂ ಸಾಲದಾಯಿತು. 1873ರಲ್ಲಿ ಮಂಗಳೂರಿನಲ್ಲಿ ಧರ್ಮಾಧ್ಯಕ್ಷ ಮರೀ ಎಫ್ರೆಂ ನಿಧನಹೊಂದಿದರು. ಈ ಕಾರ್ಯಕ್ಕೆ ಮೊದಲ ಪ್ರೇರಣೆ ನೀಡಿದ ಕೈ ಹೀಗೆ ಕಳಚಿಹೋಯಿತು. ಅದೇ ವರ್ಷ ಬಯೋನ್‌ನ ಮನೆಯೂ ಮುಚ್ಚಿತು. ಸ್ಥಾಪನೆಯಾಗಿ ಐದೇ ವರ್ಷ!

ಲೋಕದ ಲೆಕ್ಕದಲ್ಲಿ ನೋಡಿದರೆ ಐವತ್ತನೆಯ ವಯಸ್ಸಿನಲ್ಲಿ ಅವರ ಕೈ ಬರಿದಾಗಿತ್ತು. ಹುಟ್ಟಿದ ಸಭೆಯನ್ನು ಬಿಟ್ಟಾಗಿತ್ತು, ವ್ರತ ಕೊಟ್ಟ ಮೊದಲ ಮಠವನ್ನು ಬಿಟ್ಟಾಗಿತ್ತು, ಕಟ್ಟಿದ ಶಾಲೆ ಕಡಲಾಚೆ ಉಳಿದಿತ್ತು, ಸ್ಥಾಪಿಸಿದ ಮನೆಗೆ ಬೀಗ ಬಿದ್ದಿತ್ತು. ಮಂಗಳೂರಿನಲ್ಲಿದ್ದ ಸಿಸ್ಟರುಗಳು ತಾಯಿಬೇರಿನಿಂದ ಕಡಿದುಹೋದ ಸಸಿಯಂತಾದರು. ಇಂಥ ವೇಳೆಯಲ್ಲಿ ಮನುಷ್ಯನು ದೇವರನ್ನು ಕೇಳುವ ಪ್ರಶ್ನೆ ಒಂದೇ: ನೀನೇ ಕರೆದೆ, ನೀನೇ ಕೆಲಸ ಕೊಟ್ಟೆ, ಮತ್ತೆ ಇದೇಕೆ ಹೀಗೆ? ಮಾತೆ ವೆರೋನಿಕಾ ಈ ಪ್ರಶ್ನೆಯನ್ನು ಎದೆಯಲ್ಲಿ ಹೊತ್ತೇ ಪುನಃ ಕಾರ್ಮೆಲಿನ ಬಾಗಿಲು ತಟ್ಟಿರಬೇಕು. ಮುಂದಿನ ಮೂವತ್ತಕ್ಕೂ ಹೆಚ್ಚು ವರ್ಷಗಳನ್ನು ಅವರು ಸಾಮಾನ್ಯ ಕಾರ್ಮೆಲ್ ಸಿಸ್ಟರಾಗಿ, ಮೌನದಲ್ಲಿ, ಪ್ರಾರ್ಥನೆಯಲ್ಲಿ ಕಳೆದರು. 1906ರ ನವೆಂಬರ್ 16ರಂದು, ಎಂಬತ್ತಮೂರರ ಪ್ರಾಯದಲ್ಲಿ, ಪೋ ಮಠದಲ್ಲಿ ಪ್ರಭುವಿನಲ್ಲಿ ನಿದ್ರೆಹೋದರು.

ಕಡಲಾಚೆಯ ಫಲ

ಇತ್ತ ಮಂಗಳೂರಿನಲ್ಲಿ ಆ ಸಸಿ ಒಣಗಲಿಲ್ಲ. ಫ್ರಾನ್ಸಿನಿಂದ ಬರುವವರು ನಿಂತರೂ ಇದೇ ನೆಲದ ಹೆಣ್ಣುಮಕ್ಕಳು ಸಭೆಗೆ ಸೇರತೊಡಗಿದರು. 1878ರ ಕೊನೆಯಲ್ಲಿ ಮಂಗಳೂರಿನ ಧರ್ಮಪ್ರಾಂತ್ಯ ಕಾರ್ಮೆಲ್ ಗುರುಗಳಿಂದ ಯೇಸುಸಭೆಯವರ ಆಡಳಿತಕ್ಕೆ ಬಂತು. 1880ರಲ್ಲಿ ಹುಡುಗರಿಗಾಗಿ ಸಂತ ಅಲೋಶಿಯಸ್ ಕಾಲೇಜು ತೆರೆಯಿತು. ಹೆಣ್ಣುಮಕ್ಕಳ ವಿದ್ಯೆಯ ಭಾರವನ್ನು ಹೊತ್ತವರಲ್ಲಿ ಅಪೊಸ್ತಲಿಕ್ ಕಾರ್ಮೆಲ್ ಸಿಸ್ಟರುಗಳು ಮುಂದಿದ್ದರು. 1921ರಲ್ಲಿ ಅವರು ಮಂಗಳೂರಿನಲ್ಲಿ ಸಂತ ಆಗ್ನೆಸ್ ಕಾಲೇಜನ್ನು ತೆರೆದರು. ಹೆಣ್ಣುಮಗಳು ಪದವಿ ಪಡೆಯುವುದೇ ಅಪರೂಪವಾಗಿದ್ದ ದಿನಗಳಲ್ಲಿ ಕರಾವಳಿಯ ಮನೆಮನೆಗಳಿಗೆ ಅದು ಹೊಸ ಬಾಗಿಲಾಯಿತು.

ನಮ್ಮ ಬೆಂಗಳೂರಿಗೂ ಆ ಫಲ ತಲುಪಿದೆ. 1944ರಲ್ಲಿ ತ್ರಿಶೂರಿನಲ್ಲಿ ಹುಟ್ಟಿ 1948ರಲ್ಲಿ ಬೆಂಗಳೂರಿಗೆ ಬಂದ ಮೌಂಟ್ ಕಾರ್ಮೆಲ್ ಕಾಲೇಜು ಇದೇ ಸಿಸ್ಟರುಗಳದು. ಹೆಣ್ಣುಮಕ್ಕಳಿಗೆಂದು ಆರಂಭವಾದ ಆ ಕಾಲೇಜಿನಲ್ಲಿ ಓದಿ ಶಿಕ್ಷಕಿಯರಾದವರು, ವೈದ್ಯರಾದವರು, ಅಧಿಕಾರಿಗಳಾದವರು ನಗರದ ಎಲ್ಲ ದಿಕ್ಕಿನಲ್ಲಿಯೂ ಇದ್ದಾರೆ. ಭಾರತದ ಹಲವು ರಾಜ್ಯಗಳಲ್ಲದೆ ಶ್ರೀಲಂಕಾ, ಕುವೈತ್, ಬಹರೈನ್ ಮೊದಲಾದ ನಾಡುಗಳಿಗೂ ಸಭೆ ಹರಡಿದೆ. 2014ರಲ್ಲಿ ಜಗದ್ಗುರು ಫ್ರಾನ್ಸಿಸ್ ಅವರು ಮಾತೆ ವೆರೋನಿಕಾ ಅವರ ವೀರೋಚಿತ ಸದ್ಗುಣಗಳನ್ನು ಮಾನ್ಯಮಾಡಿ, ಸಂತಪದವಿಯ ಹಾದಿಯಲ್ಲಿ ಮಹತ್ವದ ಮೆಟ್ಟಿಲಾದ ಪೂಜ್ಯ ಎಂಬ ಬಿರುದನ್ನು ನೀಡಿದರು. ಐದೇ ವರ್ಷ ಬಾಳಿದ ಬಯೋನ್‌ನ ಆ ಮನೆಯಿಂದ ಹೊರಟ ಕೆಲಸ ಒಂದೂವರೆ ಶತಮಾನ ದಾಟಿ ಬಂದಿದೆ.

ನಮ್ಮ ಶಿಕ್ಷಕರಿಗೆ

ಈ ಜೀವನದಿಂದ ನಾವು ಕಲಿಯುವುದೇನು? ಕಷ್ಟಪಟ್ಟರೆ ಕೊನೆಗೆ ಎಲ್ಲವೂ ಸರಿಹೋಗುತ್ತದೆಂಬ ಅಗ್ಗದ ಸಮಾಧಾನವನ್ನು ನಾನು ಹೇಳಲಾರೆ. ಮಾತೆ ವೆರೋನಿಕಾ ಅವರ ಕಣ್ಣೆದುರು ಎಲ್ಲವೂ ಸರಿಹೋಗಲಿಲ್ಲ. ಸಂತ ಆಗ್ನೆಸ್ ಕಾಲೇಜು ತೆರೆದದ್ದು ಅವರು ತೀರಿಕೊಂಡು ಹದಿನೈದು ವರ್ಷಗಳಾದ ಮೇಲೆ. ತಮ್ಮ ಶಿಷ್ಯೆ ಮರಿಯಂ ಸಂತಪದವಿ ಪಡೆದದ್ದು ಅವರು ಮಣ್ಣುಸೇರಿ ನೂರು ವರ್ಷಗಳಾದ ಮೇಲೆ. ಫಲವನ್ನು ನೋಡಿಯೇ ತೃಪ್ತಿ ಪಡುತ್ತೇನೆಂದು ಅವರು ಹಟ ಹಿಡಿದಿದ್ದರೆ ಬದುಕೆಲ್ಲ ಕಹಿಯಾಗಿಬಿಡುತ್ತಿತ್ತು. ಬಿತ್ತುವುದು ತಮ್ಮ ಕೆಲಸ, ಬೆಳೆಸುವುದು ದೇವರ ಕೆಲಸವೆಂಬ ವಿಶ್ವಾಸದಲ್ಲಿ ಅವರು ಬಾಳಿದರು. ಶುಭಸಂದೇಶದ ಬಿತ್ತುವವನ ಸಾಮತಿಯನ್ನು ನಾವು ಎಷ್ಟೋ ಸಾರಿ ಕೇಳಿದ್ದೇವೆ. ಅದರಲ್ಲಿ ಬಿತ್ತುವವನು ಬೀಜವನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. ದಾರಿಯ ಮೇಲೆ ಬಿದ್ದೀತೆಂದು, ಮುಳ್ಳಿನಲ್ಲಿ ಬಿದ್ದೀತೆಂದು ಕೈ ತಡೆಯುವುದಿಲ್ಲ.

ಈ ವಿಶ್ವಾಸವೆಂದರೆ ಅನ್ಯಾಯವನ್ನು ಬಾಯಿಮುಚ್ಚಿ ಸಹಿಸುವುದೆಂದು ಯಾರೂ ತಿಳಿಯಬಾರದು. ಸಂಬಳ ಬಾರದಿದ್ದರೆ ಕೇಳಬೇಕು. ತರಗತಿ ತುಂಬಿ ತುಳುಕಿದರೆ ಹೇಳಬೇಕು. ಮರಿಯಂಳನ್ನು ಕೈಬಿಟ್ಟಾಗ ಮಾತೆ ವೆರೋನಿಕಾ ಸುಮ್ಮನಿರಲಿಲ್ಲವೆಂಬುದನ್ನು ನೆನೆಯಿರಿ. ಆದರೆ ಹೋರಾಡಬೇಕಾದಲ್ಲಿ ಹೋರಾಡಿ, ಮಾಡಬೇಕಾದುದನ್ನು ಮಾಡಿ ಮುಗಿಸಿದ ಮೇಲೆ ಉಳಿಯುವ ಒಂದು ಬರಿಗೈತನವಿದೆಯಲ್ಲ, ಅದನ್ನು ರಾತ್ರಿ ಜಪಸರ ಹಿಡಿದು ಪ್ರಭುವಿನ ಮುಂದೆ ಇಡಲು ಅವರು ನಮಗೆ ಕಲಿಸುತ್ತಾರೆ. ತಿದ್ದಿ ಮುಗಿಯದ ಪುಸ್ತಕಗಳ ಕಟ್ಟನ್ನೂ, ಇಂದು ಗದರಿಸಿ ಕಳುಹಿಸಿದ ಮಗುವಿನ ಮುಖವನ್ನೂ ಅದರ ಜೊತೆಗೇ ಇಡಬಹುದು. ನಾಳೆ ಬೆಳಿಗ್ಗೆ ಪುನಃ ಹಾಜರಿ ಪುಸ್ತಕ ತೆರೆಯಲು ಬೇಕಾದ ಬಲ ಅಲ್ಲಿಂದಲೇ ಬರುತ್ತದೆ.

ನೂರು ವರ್ಷಗಳ ಈ ಹಬ್ಬದಲ್ಲಿ ನಮ್ಮ ಧರ್ಮಕೇಂದ್ರದ ಮಕ್ಕಳಿಗೆ ಅಕ್ಷರವನ್ನೂ ವಿಶ್ವಾಸವನ್ನೂ ಕಲಿಸಿ ಅಗಲಿದ ಎಲ್ಲ ಶಿಕ್ಷಕ ಶಿಕ್ಷಕಿಯರನ್ನು ಬಲಿಪೂಜೆಯಲ್ಲಿ ನೆನೆಯೋಣ. ಇಂದು ಕಲಿಸುತ್ತಿರುವವರಿಗೆ ಮಾತೆ ವೆರೋನಿಕಾ ಅವರ ತಾಳ್ಮೆಯನ್ನೂ ದೃಷ್ಟಿಯನ್ನೂ ಪ್ರಭು ದಯಪಾಲಿಸಲಿ. ಕಾರ್ಮೆಲ್ ಮಾತೆ ನಮ್ಮೆಲ್ಲರಿಗಾಗಿ ಪ್ರಾರ್ಥಿಸಲಿ.

— ಧರ್ಮಕೇಂದ್ರದ ಗುರುಗಳು, ಸಾರಕ್ಕಿ